ಹಳೇ ಪ್ಲೇಯರು, ಹೊಸ ಬ್ಯಾಟರಿ

"ಕ್ಯಾಮೆರಾ ಇಲ್ಲ ತಾನೇ?" ಎಂದು ಅವನು ಮತ್ತೊಮ್ಮೆ ಕೇಳಿದಾಗ ಅಂಗಡಿಯಾಕೆ ಆ ಪುಟ್ಟ ಎಂಪಿತ್ರೀ ಪ್ಲೇಯರನ್ನು ಅವನ ಅಂಗೈಯಲ್ಲೇ ಹಿಂದುಮುಂದು ಮಾಡಿ ತೋರಿಸಿದಳು.

"ನೋಡಿ ಅಣ್ಣ, ಮುಂದೂ ಇಲ್ಲ, ಹಿಂದೂ ಇಲ್ಲ. ಸಿಮ್ ಹಾಕೋಕೆ ಜಾಗಾನೂ ಇಲ್ಲ. ಪಾಪದ ಪ್ರಾಣಿ ಇದು. ಹಾಡು ಅಂದ್ರೆ ಹಾಡುತ್ತೆ, ಸುಮ್ನಿರು ಅಂದ್ರೆ ಸುಮ್ನಿರುತ್ತೆ. ಈ ಕಾಲದಲ್ಲಿ ಇಂಥ ಗುಣ ಯಾರಿಗಿದೆ ಹೇಳಿ?"

ಅವನು ನಗಲಿಲ್ಲ. ಪ್ಲೇಯರನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಓರೆ ಮಾಡಿ, ಒಂದು ಕಣ್ಣು ಸಣ್ಣದು ಮಾಡಿ ನೋಡಿದ.

"ಇಲ್ಲೊಂದು ಗೀರಿದೆ."

"ಹಳೇದಲ್ವಾ ಅಣ್ಣ! ಒಳಗೆ ಬ್ಯಾಟರಿ ಹೊಸದು, ಗುಂಡಿ ಹೊಸದು, ಇಯರ್‌ಫೋನ್ ಸಿಕ್ಕಿಸೋದೂ ಹೊಸದು. ಎಲ್ಲಾ ಬಿಚ್ಚಿ ನಾನೇ ಕೂತು ರಿಪೇರಿ ಮಾಡಿರೋದು. ಮೈಯೊಂದು ಮಾತ್ರ ಹಳೇದು. ನಮ್ಮದೆಲ್ಲ ಉಲ್ಟಾ, ಮೇಲೆ ಬಣ್ಣ ಹೊಸದು, ಒಳಗಿನ ಸಾಮಾನೆಲ್ಲ ಸವೆದಿರುತ್ತೆ."

ಗೀರು ಹುಡುಕುವುದು ಅವನ ಕೆಲಸ. ಗಾಜಿನ ಬಾಟಲಿ ಮಾಡುವ ಕಾರ್ಖಾನೆಯಲ್ಲಿ ಬೆಳ್ಳನೆಯ ಬೆಳಕಿನ ಪರದೆಯೊಂದರ ಎದುರು ಕೂತು, ಬೆಲ್ಟಿನ ಮೇಲೆ ಸಾಲಾಗಿ ಸಾಗುವ ಬಾಟಲಿಗಳಲ್ಲಿ ಬಿರುಕು ಬಿಟ್ಟದ್ದು, ಗುಳ್ಳೆ ಬಂದದ್ದು, ಕತ್ತು ಸೊಟ್ಟಗಾದದ್ದು ಕಂಡರೆ ಎತ್ತಿ ಪಕ್ಕದ ಡ್ರಮ್ಮಿಗೆ ಎಸೆಯುತ್ತಿದ್ದ. ಐವತ್ತು ದಾಟಿದ್ದರೂ ಅವನ ಕಣ್ಣು ತಪ್ಪಿಸಿ ಹೋದ ಬಾಟಲಿ ಇಲ್ಲವೆಂದೇ ಹೇಳಬೇಕು. ಅದಕ್ಕೇ ಅಲ್ಲಿ ಅವನಿಗೆ ಗಾಜುಗಣ್ಣ ಎಂದು ಹೆಸರು. ಮಾತು ಮಾತ್ರ ಕಡಿಮೆ. ಮುತ್ತು ಉದುರಿದರೆ ಆಯ್ದುಕೊಳ್ಳಬಹುದು, ಇವನ ಬಾಯಿಂದ ಮಾತು ಉದುರುವುದು ಕಾಣೆ ಎಂದು ಜೊತೆಗಾರರು ಆಡಿಕೊಳ್ಳುತ್ತಿದ್ದರು.

ಅದೇ ಪರದೆಯ ಎದುರು ಮೊದಲು ಇಬ್ಬರು ಕೂರುತ್ತಿದ್ದರು. ಇನ್ನೊಬ್ಬನಿಗೆ ಬಾಯಿಬಡುಕ ಎಂದೇ ಹೆಸರು. ಅತ್ತೆಯ ಮಂಡಿನೋವಿನಿಂದ ಹಿಡಿದು ಲೋಕದ ರಾಜಕೀಯದವರೆಗೆ ಅವನು ಶಿಫ್ಟ್ ಪೂರ್ತಿ ಹರಟುತ್ತಿದ್ದ. ಗಾಜುಗಣ್ಣ ಬಾಟಲಿಯಿಂದ ಕಣ್ಣು ಕೀಳದೆ "ಹೂಂ" ಎನ್ನುತ್ತಿದ್ದ. ಆಮೇಲೆ ಅರ್ಧ ಕೆಲಸ ಮಾಡುವ ಯಂತ್ರವೊಂದು ಬಂತು. ಬಾಯಿಬಡುಕನನ್ನು ಪ್ಯಾಕಿಂಗಿಗೆ ಹಾಕಿದರು. ಅದರ ಹಿಂದೆಯೇ ಕಾರ್ಖಾನೆಯ ಮೂಲೆಯಲ್ಲಿ ರೇಡಿಯೋ ಕೇಳಿಸುತ್ತಿದ್ದ ಸ್ಪೀಕರು ಕೆಟ್ಟಿತು, ಯಾರೂ ಸರಿಮಾಡಿಸಲಿಲ್ಲ.

ಆಗ ಗಾಜುಗಣ್ಣನಿಗೆ ಒಂದು ವಿಚಿತ್ರ ಗೊತ್ತಾಯಿತು. ಇಷ್ಟು ವರ್ಷ ತಾನು ಮೌನಿ ಎಂದುಕೊಂಡಿದ್ದ. ಆದರೆ ಅವನ ಮೌನವೆಲ್ಲ ಬೇರೆಯವರ ಸದ್ದಿನ ನೆರಳಲ್ಲಿ ತಣ್ಣಗೆ ಕೂತಿತ್ತು ಅಷ್ಟೆ. ನೆರಳು ಹೋದಮೇಲೆ ಕೂರಲಾಗಲಿಲ್ಲ. ಬಾಟಲಿಗಳು ಒಂದಕ್ಕೊಂದು ತಾಗುವ ಕಿಣಿಕಿಣಿ ಹಲ್ಲಿನೊಳಕ್ಕೇ ಇಳಿಯತೊಡಗಿತು. ಒಂದು ದಿನ ಬಿರುಕು ಬಿಟ್ಟ ಬಾಟಲಿಯನ್ನು ನೋಡುತ್ತ ನೋಡುತ್ತಲೇ ಮುಂದಕ್ಕೆ ಬಿಟ್ಟ. ಸೂಪರ್‌ವೈಸರ್ ಬಂದು, "ಏನ್ರೀ, ಗಾಜುಗಣ್ಣಿಗೂ ಪೊರೆ ಬಂತಾ?" ಎಂದ. ತಮಾಷೆಗೇ ಅಂದದ್ದು. ಆದರೆ ಗಾಜುಗಣ್ಣ ಆ ದಿನ ಊಟದ ಡಬ್ಬಿ ತೆರೆಯಲಿಲ್ಲ. ಸಂಜೆ ಹೊರಡುವಾಗ ಸೂಪರ್‌ವೈಸರೇ ಮತ್ತೆ ಕರೆದು ಹೇಳಿದ: "ಫೋನು ಗೇಟಿನಿಂದ ಒಳಗೆ ಬಿಡಲ್ಲ. ಕ್ಯಾಮೆರಾ ಇರುತ್ತಲ್ಲ, ಅದಕ್ಕೆ. ಬರೀ ಹಾಡು ಕೇಳೋದಿದ್ರೆ ತಗೊಂಡು ಬನ್ನಿ, ಒಂದು ಕಿವಿಗೆ ಹಾಕ್ಕೊಳ್ಳಿ. ನಾನೇನೂ ಅನ್ನಲ್ಲ."

ಹೀಗೆ ಅವನು ಈ ಅಂಗಡಿಗೆ ಬಂದದ್ದು. ಹೊಸ ಅಂಗಡಿಗಳಲ್ಲಿ ಇಂಥದ್ದನ್ನು ಕೇಳಿದರೆ, ಫೋನಿನಲ್ಲೇ ಎಲ್ಲಾ ಇದೆಯಲ್ಲ ಅಂಕಲ್ ಎಂದು ಕನಿಕರದಿಂದ ನೋಡುತ್ತಿದ್ದರು.

"ಇದೇ ಕೊಡಿ," ಎಂದು ದುಡ್ಡು ಎಣಿಸಿಕೊಟ್ಟ. ಇಯರ್‌ಫೋನ್ ಕಿವಿಗಿಟ್ಟು ಗುಂಡಿ ಒತ್ತಿದ. ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಒತ್ತಿದ.

"ಕೆಟ್ಟಿದೆ ಇದು."

"ಕೆಟ್ಟಿಲ್ಲ, ಖಾಲಿ ಇದೆ," ಎಂದಳು ಅಂಗಡಿಯಾಕೆ. "ರಿಪೇರಿ ಮಾಡೋವಾಗ ಹಳೇದೆಲ್ಲ ಅಳಿಸಿಬಿಡ್ತೀವಿ. ಪಾತ್ರೆ ನಮ್ದು, ಅಡುಗೆ ನಿಮ್ದು. ಯಾವ ಹಾಡು ಬೇಕು ಹೇಳಿ, ಕಂಪ್ಯೂಟರಿನಿಂದ ತುಂಬಿಸಿಕೊಡ್ತೀನಿ."

"ಯಾವುದಾದ್ರೂ."

"ಯಾವುದಾದ್ರೂ ಅನ್ನೋ ಹಾಡು ನನ್ನ ಹತ್ರ ಇಲ್ವಲ್ಲ ಅಣ್ಣ. ನಿಮಗೆ ಇಷ್ಟವಾದದ್ದು ಹೇಳಿ."

ಅವನು ಗಾಜಿನ ಕಪಾಟನ್ನೇ ನೋಡುತ್ತ ನಿಂತ. ತನಗೆ ಇಷ್ಟವಾದ ಹಾಡು ಯಾವುದು ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಭುಜ ಹಾರಿಸಿಬಿಡುತ್ತಿದ್ದ. ಯೋಚಿಸಿದರೆ ಒಂದೇ ಒಂದು ನೆನಪಿಗೆ ಬಂತು. ಅದಕ್ಕೂ ಮಾತುಗಳಿರಲಿಲ್ಲ, ಬರೀ ರಾಗ. ಹೆಂಡತಿ ಕಿಟಕಿಯ ಪಕ್ಕ ಕೂತು ಅಂಗಿಗೆ ಗುಂಡಿ ಹಾಕುವ ಕಾಜಾ ಹೊಲಿಯುವಾಗ ಮೂಗಿನಲ್ಲೇ ಹಾಡಿಕೊಳ್ಳುತ್ತಿದ್ದದ್ದು.

"ಹೆಸರು ಗೊತ್ತಿಲ್ಲ. ಹೀಗೆ ಬರುತ್ತೆ," ಎಂದು ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಗುನುಗಿದ. ಧ್ವನಿ ಎಷ್ಟೋ ದಿನ ಮುಚ್ಚಿಟ್ಟ ಬಾಗಿಲಿನ ಹಾಗೆ ಕಿರುಗುಟ್ಟಿತು.

ಅಂಗಡಿಯಾಕೆ ಈ ಸಲ ನಗಾಡಲಿಲ್ಲ. ತಲೆ ಓರೆ ಮಾಡಿ ಕೇಳಿದಳು. "ಚೆನ್ನಾಗಿದೆ. ಎಲ್ಲೋ ಕೇಳಿದ ಹಾಗಿದೆ, ಕೇಳಿಲ್ಲದ ಹಾಗೂ ಇದೆ. ತಡೀರಿ, ಫೋನಿಗೆ ಕೇಳಿಸೋಣ, ಅದೇ ಹುಡುಕಿಕೊಡುತ್ತೆ."

ಅವಳು ಹಿಡಿದ ಫೋನಿನ ಮುಂದೆ ಅವನು ಇನ್ನೊಮ್ಮೆ ಗುನುಗಿದ. ಫೋನು ಬಹಳ ಹೊತ್ತು ಯೋಚಿಸಿತು.

"ಯಾವುದೋ ಹಲ್ಲುಪುಡಿ ಜಾಹೀರಾತು ಅಂತಿದೆ!" ಎಂದು ಅವಳು ನಕ್ಕುಬಿಟ್ಟಳು. ಗಾಜುಗಣ್ಣನ ತುಟಿಯೂ ಸ್ವಲ್ಪ ಸಡಿಲವಾಯಿತು. "ಮನೇಲಿ ಕೇಳ್ಕೊಂಡು ಬನ್ನಿ ಅಣ್ಣ. ಹೆಣ್ಣುಮಕ್ಕಳಿಗೆ ಹಾಡಿನ ಹೆಸರು ನೆನಪಿರುತ್ತೆ."

"ಅವಳು ಅಕ್ಕನ ಮನೆಗೆ ಹೋಗಿದ್ದಾಳೆ," ಎಂದ.

ಯಾರು ಕೇಳಿದರೂ ಅವನು ಹೇಳುತ್ತಿದ್ದದ್ದು ಅದನ್ನೇ. ಅಕ್ಕ ಬಿದ್ದು ಕೈ ಮುರಿದುಕೊಂಡಳೆಂದು, ಅವಳ ಹೊಲಿಗೆ ಅಂಗಡಿ ನೋಡಿಕೊಳ್ಳಲು ಹೆಂಡತಿ ಹೋದದ್ದು ಹೋದ ವರ್ಷ. ಅಕ್ಕನ ಕೈ ಎಂದೋ ಕೂಡಿಕೊಂಡಿತು, ಹೆಂಡತಿ ಬರಲಿಲ್ಲ. ಜಗಳ ಆಗಿರಲಿಲ್ಲ. ಜಗಳಕ್ಕೂ ಇಬ್ಬರು ಬೇಕಲ್ಲ. ಹೊರಡುವ ದಿನ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತು, "ಗೋಡೆ ಹತ್ರ ಮಾತಾಡಿದ್ರೂ ಅಷ್ಟೋ ಇಷ್ಟೋ ತಿರುಗಿ ಕೇಳಿಸುತ್ತೆ ಕಣ್ರೀ," ಎಂದಿದ್ದಳು. ಅವನು ಅವಳ ಕೈಯಿಂದ ಚೀಲ ತೆಗೆದುಕೊಂಡಿದ್ದ. ಬಸ್ಸಿನವರೆಗೆ ಚೀಲ ಹೊತ್ತುಕೊಂಡು ಹೋಗಿ, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು ಬಂದಿದ್ದ. ಮಕ್ಕಳಿರಲಿಲ್ಲವಾಗಿ ನಡುವೆ ನಿಂತು ಮಾತು ದಾಟಿಸುವವರೂ ಇರಲಿಲ್ಲ. ಅಕ್ಕನ ಮನೆಗೆ ಹೋಗಿದ್ದಾಳೆ ಎಂಬುದು ಮೊದಲ ತಿಂಗಳು ನಿಜವಾಗಿತ್ತು. ಆಮೇಲೆ ಸುಳ್ಳೂ ಆಗದೆ ನಿಜವೂ ಆಗದೆ ಹಾಗೇ ಉಳಿಯಿತು.

ಮನೆಗೆ ಬಂದವನೇ ಪ್ಲೇಯರನ್ನು ಅಡುಗೆಮನೆಯ ಮೇಜಿನ ಮೇಲಿಟ್ಟ. ಟೀ ಮಾಡಿದ, ಕುಡಿದ, ಲೋಟ ತೊಳೆದು ಬೋರಲು ಹಾಕಿದ. ಇನ್ನೇನು ಮಾಡಲಿ ಎಂದು ನೋಡಿದರೆ ಮಾಡುವುದು ಏನೂ ಉಳಿದಿರಲಿಲ್ಲ. ಮೇಲಿನ ಮನೆಯವರು ಏನೋ ಎಳೆದಾಡುವ ಸದ್ದು. ಫೋನು ತೆಗೆದುಕೊಂಡು ನಿಂತಲ್ಲೇ ಹೆಂಡತಿಗೆ ಕರೆ ಮಾಡಿದ.

"ಏನಾಯ್ತು? ಹುಷಾರಿಲ್ವಾ?" ಎಂದಳು ಅವಳು, ಎತ್ತಿದ ಕೂಡಲೇ.

"ಹುಷಾರಾಗಿದೀನಿ."

"ಮತ್ತೆ? ಯಾರಾದ್ರೂ ಹೋಗ್ಬಿಟ್ರಾ?"

"ಯಾರೂ ಹೋಗಿಲ್ಲ. ಒಂದು ಹಾಡಿನ ಹೆಸರು ಬೇಕಿತ್ತು."

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದಾಯಿತು. "ಏನು ಬೇಕಿತ್ತು?"

ಅವನು ಹೇಳಿದ. ಬಾಯಿಬಡುಕ ಪ್ಯಾಕಿಂಗಿಗೆ ಹೋದದ್ದು, ರೇಡಿಯೋ ಕೆಟ್ಟದ್ದು, ಬಾಟಲಿ ತಪ್ಪಿಹೋದದ್ದು, ಅಂಗಡಿಯಾಕೆ, ಹಲ್ಲುಪುಡಿ. ಅವನ ಮಟ್ಟಿಗೆ ಅದೊಂದು ಭಾಷಣವೇ. ನಡುವೆ ಎರಡು ಸಲ "ಕೇಳಿಸ್ತಿದೆಯಾ?" ಎಂದ. ಅವಳು "ಹೂಂ" ಎಂದಳು.

"ನೀವು ಹಾಡು ಕೇಳೋರಾ?" ಎಂದಳು ಕೊನೆಗೆ. "ನಾನು ರೇಡಿಯೋ ಹಾಕಿದ್ರೆ ಎದ್ದು ಆ ಕಡೆ ಹೋಗ್ತಿದ್ರಿ."

"ಆ ಕಡೆ ಕೂತ್ಕೊಂಡು ಕೇಳ್ತಿದ್ದೆ."

ಅವಳು ಸ್ಟೂಲು ಹತ್ತಿರ ಎಳೆದುಕೊಂಡ ಸದ್ದಾಯಿತು. ಆಮೇಲೆ, "ಯಾವ ಹಾಡು?" ಎಂದಳು.

"ನೀನು ಕಾಜಾ ಹೊಲಿಯೋವಾಗ ಹೇಳ್ಕೊಳ್ತಿದ್ದೆಯಲ್ಲ, ಅದು."

"ನೂರು ಹೇಳ್ಕೊಳ್ತಿದ್ದೆ. ಹೇಗೆ ಬರುತ್ತೆ?"

ಅಂಗಡಿಯಲ್ಲಿ ಅಪರಿಚಿತಳ ಎದುರು ಬಂದ ಧೈರ್ಯ ಇಲ್ಲಿ ಬರಲಿಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡ. ಕಿಟಕಿ ಮುಚ್ಚಿದ. ಸಿಂಕಿನ ಕಡೆ ಮುಖ ಮಾಡಿ ಮೆಲ್ಲಗೆ ಗುನುಗಿದ. ಒಂದು ಕಡೆ ರಾಗ ಏರುತ್ತದೆ. ಅಲ್ಲಿ ಉಸಿರು ಸಾಲಲಿಲ್ಲ, ಬಿಟ್ಟು ಮತ್ತೆ ಹಿಡಿದ.

ಮುಗಿದ ಮೇಲೆ ಫೋನು ಕಡಿದುಹೋಯಿತೇ ಎಂದು ನೋಡಿಕೊಂಡ.

"ನಿಮಗೆ ನಿಜವಾಗ್ಲೂ ನೆನಪಿಲ್ವಾ?" ಎಂದಳು.

"ಹೆಸರು ಗೊತ್ತಿಲ್ಲ."

"ಅದಕ್ಕೆ ಹೆಸರಿಲ್ಲ. ಅದು ಯಾವ ಸಿನಿಮಾದ್ದೂ ಅಲ್ಲ. ನಿಮ್ಮದೇ. ಮದುವೆಯಾದ ಹೊಸದರಲ್ಲಿ ಕನ್ನಡಿ ಮುಂದೆ ನಿಂತು ಗಡ್ಡ ಮಾಡ್ಕೊಳ್ಳೋವಾಗ ನೀವು ಗುನುಗ್ತಿದ್ದದ್ದು. ಯಾವ ಹಾಡು ರೀ ಅಂದ್ರೆ, ನಾನೆಲ್ಲಿ ಹಾಡಿದೆ ಅಂತಿದ್ರಿ. ನಿಮಗೇ ಗೊತ್ತಾಗ್ತಿರ್ಲಿಲ್ಲ."

"ನಾನಾ?"

"ಇನ್ಯಾರು? ಪಕ್ಕದ ಮನೆಯೋರಾ? ಆಮೇಲೆ ಒಂದಿನ ನಿಂತುಹೋಯ್ತು. ಯಾಕೆ ಅಂತ ಕೇಳೋದು ಹೇಗೆ, ಹಾಡಿದ್ದೇ ಗೊತ್ತಿಲ್ಲದೋರನ್ನ? ನೀವು ಬಿಟ್ರಲ್ಲ ಅಂತ ನಾನು ಹಿಡ್ಕೊಂಡೆ. ಅದು ಕಿವಿಗೆ ಬಿದ್ರೆ ಯಾವತ್ತಾದ್ರೂ ತಿರುಗಿ ಶುರುಮಾಡ್ತೀರಿ ಅಂದ್ಕೊಂಡಿದ್ದೆ." ಅವಳು ಮೂಗು ಎಳೆದುಕೊಂಡಳು, ಶೀತವೋ ಏನೋ. "ಮಧ್ಯದಲ್ಲಿ ಏರೋ ಕಡೆ ತಪ್ಪು ಹೇಳಿದ್ರಿ. ಅಲ್ಲಿ ಇನ್ನೂ ಒಂದು ಸುತ್ತು ಇದೆ."

ಅವನಿಗೆ ಏನೋ ಹೇಳಬೇಕಿತ್ತು. ಮೇಜಿನ ಮೇಲಿದ್ದ ಪ್ಲೇಯರಿನ ಗೀರನ್ನು ಹೆಬ್ಬೆರಳಿನಿಂದ ಸವರಿದ. ಅಷ್ಟರಲ್ಲಿ ಅವಳೇ, "ಸರಿ, ಸ್ಕೂಲ್ ಯೂನಿಫಾರ್ಮ್ ರಾಶಿ ಬಿದ್ದಿದೆ ಇಲ್ಲಿ. ಬೆಳಗ್ಗೆ ಕೊಡಬೇಕು. ಇಡ್ತೀನಿ," ಎಂದಳು.

ಇಟ್ಟಳು. ಆದರೆ ಕರೆ ಕಡಿಯುವ ಗುಂಡಿ ಸರಿಯಾಗಿ ಒತ್ತಿರಲಿಲ್ಲ. ಫೋನನ್ನು ಮರದ ಹಲಗೆಯ ಮೇಲಿಟ್ಟ ಟಕ್ ಸದ್ದು ಅವನ ಕಿವಿಗೇ ಬಡಿಯಿತು. ಬಟ್ಟೆ ಸರಿಸಿದ ಸದ್ದು. ಆಮೇಲೆ ದೂರದಿಂದ ಅಕ್ಕನ ದನಿ:

"ಯಾರೇ ಅದು, ಇಷ್ಟೊತ್ತು?"

"ಅವರು."

"ಏನಂತೆ?"

"ಏನಿಲ್ಲ. ಹಾಡಿದ್ರು."

"ಏನು? ಹಾಡಿದ್ರಾ?"

ಹೊಲಿಗೆ ಮಿಷನ್ನು ಶುರುವಾಯಿತು. ಒಂದು ಉದ್ದನೆಯ ಓಟ, ನಿಲುಗಡೆ, ಬಟ್ಟೆ ತಿರುಗಿಸುವಷ್ಟು ಬಿಡುವು, ಮತ್ತೆ ಓಟ. ಅವನು ಫೋನನ್ನು ಕಿವಿಗೊತ್ತಿಕೊಂಡು ಕೇಳಿದ. ಅವಳು ಆಮೇಲೆ ತರಿಸಿಕೊಂಡ ಮಿಷನ್ನು ಈ ಮನೆಯಲ್ಲಿ ಇಟ್ಟಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಇನ್ನೂ ಇತ್ತು. ಕರೆ ಕಡಿಯುವುದು ನ್ಯಾಯವೆಂದು ಅವನಿಗೆ ಗೊತ್ತಿತ್ತು. ಬೆರಳನ್ನು ಗುಂಡಿಯವರೆಗೆ ಒಯ್ದೂ ಒತ್ತಲಿಲ್ಲ.

ದಾರ ಕಿತ್ತಿತೇನೋ, ಮಿಷನ್ನು ನಿಂತಿತು. ಫೋನು ಎತ್ತಿಕೊಂಡ ಸರಸರ ಸದ್ದು.

"ಅಯ್ಯೋ. ಇನ್ನೂ ಇದ್ದೀರಾ?"

ಸುಮ್ಮನಿದ್ದರೆ ಅವಳೇ ಕಡಿದುಬಿಡುತ್ತಿದ್ದಳು.

"ಇದ್ದೀನಿ," ಎಂದ. "ನೀನು ಹೊಲಿ. ನಾನು ಸುಮ್ನೆ ಕೇಳ್ತಿರ್ತೀನಿ."

ಫೋನು ಮತ್ತೆ ಹಲಗೆಯ ಮೇಲೆ ಕೂತಿತು, ಈ ಸಲ ಮೆಲ್ಲಗೆ. ಅವಳು ಕಡಿದಳೋ ಬಿಟ್ಟಳೋ ತಿಳಿಯದೆ ಅವನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಆಮೇಲೆ ಮಿಷನ್ನು ಓಡತೊಡಗಿತು. ಅವನು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಕುರ್ಚಿಯನ್ನು ಎಳೆಯದೆ, ನೆಲಕ್ಕೆ ತಾಗಿ ಸದ್ದಾಗದ ಹಾಗೆ ಎತ್ತಿ ಮೇಜಿನ ಪಕ್ಕಕ್ಕೆ ತಂದಿಟ್ಟು ಕೂತ.