ಎಗಾನ್ ಅಜ್ಜನ ಗೋಲಿಮರ

ಎಗಾನನ ಹೊಟ್ಟೆಯೊಳಗೆ ಕಿಚ್ಚು ಹತ್ತಿಕೊಂಡದ್ದು ಒಂದು ಫೋನಿನಿಂದ. ಕೆಮ್ನಿಟ್ಸ್ ಪಟ್ಟಣದಿಂದ ಮಗಳು ಸಿಲ್ಕೆ ಮಾತಾಡುತ್ತಿದ್ದಳು. ನೆಗಡಿ, ಹಿಮ, ಅಳಿಯನ ಬೆನ್ನುನೋವು ಎಲ್ಲ ಮುಗಿದ ಮೇಲೆ ಮೆಲ್ಲಗೆ ರಾಗ ಎಳೆದಳು.

“ಅಪ್ಪಾ, ಫೆಬ್ರವರಿ ರಜೆಗೆ ಟಿಲ್ಲಿ ಅಲ್ಲಿಗೆ ಬರೋದು ಈ ಸಲ ಗೊತ್ತಿಲ್ಲಪ್ಪ. ನಮ್ಮ ಮಾವನ ಜೊತೆ ಅವರ ಊರಿಗೆ ಹೋಗ್ತೀನಿ ಅಂತ ಹಟ ಹಿಡಿದು ಕೂತಿದ್ದಾಳೆ.”

“ನಡೆಯೋಕೆ ಬಂದಾಗಿಂದ ಪ್ರತಿ ವರ್ಷ ಇಲ್ಲಿಗೇ ಬಂದಿದ್ದಾಳಲ್ಲೇ ನನ್ನ ಮೊಮ್ಮಗಳು!”

“ಇನ್ನೂ ಏನೂ ತೀರ್ಮಾನ ಆಗಿಲ್ಲ. ಭಾನುವಾರ ಬರ್ತೀವಲ್ಲ, ನೀನೇ ಕೇಳು ಅವಳನ್ನ.”

ಅಷ್ಟರಲ್ಲಿ ಫೋನಿನ ಹಿಂದೆ ಏನೋ ಸದ್ದು. ಗಂಟೆಯಲ್ಲ, ಪಿಯಾನೋ ಅಲ್ಲ. ಹನಿ ಹನಿಯಾಗಿ ಮೇಲಿಂದ ಇಳಿದು ಬರುವ ರಾಗ.

“ಅದೇನದು?”

“ಟಿಲ್ಲಿಗೆ ಮಾವ ಮಾಡಿಕೊಟ್ಟ ಮರದ ಆಟಿಕೆ ಅಪ್ಪಾ, ಗೋಲಿಮರ. ಮೇಲಿಂದ ಗೋಲಿ ಬಿಟ್ರೆ ಎಲೆಯಿಂದ ಎಲೆಗೆ ಬಿದ್ದು ಪೂರ್ತಿ ಒಂದು ಹಾಡು ಹಾಡುತ್ತೆ. ಬೆಳಗ್ಗೆಯಿಂದ ಅದೇ ಗಲಾಟೆ, ತಲೆ ಚಿಟ್ಟು ಹಿಡಿದುಹೋಗಿದೆ.”

ತಲೆ ಚಿಟ್ಟು ಹಿಡಿದಿದೆ ಅನ್ನುವವಳ ದನಿಯಲ್ಲಿ ನಗು ಉಕ್ಕುತ್ತಿತ್ತು. ಎಗಾನನಿಗೆ ಅದೇ ಹೆಚ್ಚು ಚುಚ್ಚಿತು.

ಸಿಲ್ಕೆಯ ಮಾವ, ಅಂದರೆ ಬೀಗ ಅರ್ವೆಡ್, ಪಿಟೀಲು ಮಾಡುವವರ ಕಣಿವೆಯವನು. ವಸಂತದಲ್ಲಿ ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದು ಸೇರಿದ್ದ. ಸಾವಿಗೆ ಹೋಗಿ ಮರುಗಿ ಬಂದಿದ್ದ ಎಗಾನನೇ ಈಗ ತನ್ನ ಆಟಿಕೆ ಕಾರ್ಖಾನೆಯಲ್ಲಿ ತನ್ನಷ್ಟಕ್ಕೆ ಗೊಣಗಿದ: “ಹೆಂಡತಿ ಹೋದಳು ಸರಿ. ಅದಕ್ಕೆ ನನ್ನ ಮೊಮ್ಮಗಳನ್ನ ಎತ್ಕೊಂಡು ಹೋಗೋದಾ?”

“ಅವಳು ಅವರಿಗೂ ಮೊಮ್ಮಗಳೇ,” ಅಂದಳು ಹೆಂಡತಿ ಟ್ರೌಡಲ್. ಮರದ ಪುಟ್ಟ ಹಸುಗಳಿಗೆ ಕುಂಚದಿಂದ ಕಣ್ಣು ಬರೆಯುತ್ತ ಕೂತಿದ್ದಳು. “ಹಂಚ್ಕೊಂಡು ತಿನ್ನಬೇಕಪ್ಪ.”

“ಮರದ ಆಟಿಕೆ ನನ್ನ ಕಸುಬು ಕಣೇ! ಪಿಟೀಲು ಮಾಡೋನು ಪಿಟೀಲು ಮಾಡಲಿ. ನಾನೇನು ಅವನ ಊರಿಗೆ ಹೋಗಿ ಕೊಳಲು ಕೊರೀತೀನಾ?”

“ನೀನು ಕೊರೆದರೆ ಅದನ್ನ ಊದೋರು ಯಾರು?”

ಎಗಾನ್ ಉಳಿ ಎತ್ತಿಕೊಂಡ. ಅವನೂ ಒಂದು ಗೋಲಿಮರ ಮಾಡುವುದೇ ಸೈ. ಬೀಗನದಕ್ಕಿಂತ ಎರಡು ಪಟ್ಟು ಎತ್ತರ, ಎರಡು ಪಟ್ಟು ಸದ್ದು. ಅದನ್ನು ನೋಡಿದ ಮೇಲೂ ಟಿಲ್ಲಿ ಕಣಿವೆಗೆ ಹೋಗುತ್ತೇನೆ ಅಂದರೆ ಆಮೇಲೆ ಕೇಳು.

ಎಗಾನನದು ಮರದ ಉಂಗುರ ಕಡೆಯುವ ಮನೆತನ. ಕೊಳದ ನೀರಿನಲ್ಲಿ ನೆನೆಹಾಕಿದ ಸ್ಪ್ರೂಸ್ ಮರದ ಬಿಲ್ಲೆಯನ್ನು ಲೇತಿಗೆ ಸಿಕ್ಕಿಸಿ, ಒದ್ದೆ ಒದ್ದೆಯಾಗಿಯೇ ಕಡೆಯುತ್ತಾರೆ. ಕೊನೆಗೆ ಉಳಿಯುವುದು ಉಬ್ಬುತಗ್ಗಿನ ಒಂದು ಉಂಗುರ. ಅದನ್ನು ಕೇಕಿನ ಹಾಗೆ ತುಂಡು ತುಂಡಾಗಿ ಸೀಳಿದರೆ ಒಂದೊಂದು ತುಂಡೂ ಒಂದೊಂದು ಕುದುರೆ, ಇಲ್ಲವೇ ಒಂದೊಂದು ಹಸು. ಸೀಳುವವರೆಗೆ ಒಳಗೆ ಏನಿದೆ ಅಂತ ಕಡೆಯುವವನ ಕಣ್ಣಿಗೂ ಕಾಣುವುದಿಲ್ಲ. ಅವನ ಕೈಗೆ ಮಾತ್ರ ಗೊತ್ತು. ಆ ಕೈಯ ಮೇಲೆ ಎಗಾನನಿಗೆ ಎಲ್ಲಿಲ್ಲದ ಜಂಬ.

ಗೋಲಿಮರದ ಎಲೆಗಳನ್ನೂ ಅವನು ಹಾಗೇ ಮಾಡಿದ. ಕೊಳದಿಂದ ಬಿಲ್ಲೆ ಎತ್ತಿದ, ಮುಖಕ್ಕೆ ನೀರು ಸಿಡಿಯುವಂತೆ ಕಡೆದ, ಸೀಳಿದ. ಊಟದ ಹೊತ್ತಿಗೆ ಬುಟ್ಟಿ ತುಂಬ ಎಲೆ. ನಡುವೆ ಒಂದು ಕಂಬ ನಿಲ್ಲಿಸಿ, ಸುರುಳಿ ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಎಲೆ ಸಿಕ್ಕಿಸಿ, ತುದಿಯಿಂದ ಗೋಲಿ ಬಿಟ್ಟ.

ಟೊಕ್, ಟೊಕ್, ಟೊಕ್, ಟೊಕ್.

“ಮರಕುಟಿಗ ಬಂತು!” ಅಂದಳು ಟ್ರೌಡಲ್ ಅಡುಗೆಮನೆಯಿಂದ.

ಒಂದೇ ಉಂಗುರದ ಎಲೆಗಳು. ಅಚ್ಚಿನಿಂದ ತೆಗೆದ ಹಾಗೆ ಎಲ್ಲ ಒಂದೇ ಅಳತೆ, ಎಲ್ಲಕ್ಕೂ ಒಂದೇ ಗಂಟಲು. ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಆಗದಂತೆ ಸೀಳುತ್ತೇನೆ ಅಂತ ಬೀಗುತ್ತಿದ್ದವನ ಕಾಲಿಗೆ ಅದೇ ಹೆಮ್ಮೆ ತೊಡರಿತ್ತು. ಆದರೆ ಹಟ ಬಿಡಲಿಲ್ಲ. ಒಂದೊಂದು ಎಲೆಯನ್ನೂ ಕೊಂಚ ಕೊಂಚ ಮೋಟು ಮಾಡುತ್ತ, ಬಡಿದು ಕೇಳುತ್ತ, ಮತ್ತೆ ಉಜ್ಜುತ್ತ ಶನಿವಾರದವರೆಗೆ ಒದ್ದಾಡಿದ. ಕೊನೆಗೆ ಟೊಕ್ ಹೋಗಿ ಟೊಕ್-ಟಕ್-ಟಿಕ್ ಆಯಿತು. ಸದ್ದಂತೂ ಬೀದಿಗೆ ಕೇಳುತ್ತಿತ್ತು. ಅಷ್ಟು ಸಾಕೆಂದು ಅದನ್ನು ಕೂರುವ ಕೋಣೆಯನ್ನು ಬೆಚ್ಚಗಿಡುವ ಹಂಚಿನ ಒಲೆಯ ಪಕ್ಕದಲ್ಲಿಟ್ಟು, ಮೇಲೆ ಮೇಜುಬಟ್ಟೆ ಹೊದಿಸಿ, ನೆಮ್ಮದಿಯಾಗಿ ಮಲಗಿದ.

ಭಾನುವಾರ ಎಲ್ಲರೂ ಬಂದರು. ಅರ್ವೆಡ್ ಬೂಟಿನ ಹಿಮ ಕೊಡವಿ ಒಳಗೆ ಬಂದವನೇ ಟ್ರೌಡಲ್ ಒಣಹಣ್ಣು ಹಾಕಿ ಮಾಡಿದ ಸ್ಟೊಲೆನ್ ರೊಟ್ಟಿಯ ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದ. “ಬೀಗಿತ್ತಿ, ಇಷ್ಟು ಮೆತ್ತಗಿರೋ ಸ್ಟೊಲೆನ್ ನಮ್ಮ ಕಡೆ ಸಿಗೋದೇ ಇಲ್ಲ.” ಟ್ರೌಡಲಳ ಕೆನ್ನೆ ಕೆಂಪಾಯಿತು. ಎಗಾನನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಮದುವೆಯಾಗಿ ಇಷ್ಟು ವರ್ಷ ಅವನೂ ಅದನ್ನೇ ತಿಂದಿದ್ದ. ಬಾಯಿಬಿಟ್ಟು ಹೇಳುವುದು ಹೊಳೆದಿರಲಿಲ್ಲ, ಅಷ್ಟೆ.

“ಟಿಲ್ಲಿ, ಬಾ ಇಲ್ಲಿ. ಆ ಬಟ್ಟೆ ಎಳಿ.”

ಹುಡುಗಿ ಎಳೆದಳು. ತನಗಿಂತ ಎತ್ತರದ ಮರ ನೋಡಿ ಬಾಯಿ ತೆರೆದಳು. ಎಗಾನನ ಎದೆ ಅರಳಿತು. ಅವಳು ಕುರ್ಚಿ ಹತ್ತಿ ಗೋಲಿ ಬಿಟ್ಟಳು.

ಟೊಕ್. ಟಕ್. ಆಮೇಲೆ ಗೋಲಿ ಗಾಳಿಯಲ್ಲಿ ಹಾರಿ ಅಳಿಯನ ಕಾಫಿ ಬಟ್ಟಲಿಗೆ ಬಿತ್ತು.

ಎಲ್ಲರೂ ನಕ್ಕರು. ಎರಡನೆಯದು ಸೋಫಾದ ಅಡಿ ಸೇರಿತು. ಮೂರನೆಯದು ಎರಡು ಎಲೆಗಳ ಸಂದಿಯಲ್ಲಿ ಸಿಕ್ಕಿಕೊಂಡು ಕೂತೇಬಿಟ್ಟಿತು. ಒಲೆಯ ಕಾವಿಗೆ ಒಂದೇ ರಾತ್ರಿಯಲ್ಲಿ ಎಲೆಗಳು ಕುಗ್ಗಿ, ಸಡಿಲವಾಗಿ, ಒಂದೊಂದೂ ಒಂದೊಂದು ದಿಕ್ಕಿಗೆ ಮೂತಿ ತಿರುಗಿಸಿದ್ದವು. ನೆಂಟರ ಮನೆಯಲ್ಲಿ ಜಗಳವಾಡಿ ಕೂತವರ ಹಾಗೆ.

“ಅಜ್ಜಾ, ಇದು ಹಾಡೋದೇ ಇಲ್ಲ,” ಅಂದಳು ಟಿಲ್ಲಿ. ಬೈಗುಳವಲ್ಲ, ದೂರಲ್ಲ, ಬರಿಯ ನಿಜ. ಕುರ್ಚಿಯಿಂದಿಳಿದು ನೇರ ಹೋಗಿ ಅರ್ವೆಡನ ತೊಡೆ ಏರಿದಳು.

ಎಗಾನ್ ಕಿಟಕಿಯ ಕಡೆ ತಿರುಗಿದ. ಹೊರಗೆ ಹಿಮ ಬಿಟ್ಟರೆ ನೋಡಲಿಕ್ಕೆ ಏನೂ ಇರಲಿಲ್ಲ.

ಅರ್ವೆಡ್ ಹುಡುಗಿಯನ್ನು ಇಳಿಸಿ ಎದ್ದು ಬಂದ. ಒಂದು ಎಲೆಯನ್ನು ಉಗುರಿನಿಂದ ಬಡಿದ, ಬೆರಳ ತುದಿಯಿಂದ ಸವರಿದ. ಎಗಾನನಿಗೆ ಮಾತ್ರ ಕೇಳುವಂತೆ ಕೇಳಿದ: “ಬೀಗರೇ, ಹಸಿ ಮರವಾ?”

ಆಗ ಎಗಾನನಿಗೆ ತಟ್ಟನೆ ಅರಿವಾಯಿತು. ಕುದುರೆ ಒಣಗಿ ಕೂದಲೆಳೆಯಷ್ಟು ಕುಗ್ಗಿದರೆ ಯಾರಿಗೇನು? ಮರ ಅಂದರೆ ಒದ್ದೆ ಅಂತಲೇ ಬಾಳಿದವನಿಗೆ, ಸದ್ದಿಗೆ ಒಣಮರ ಬೇಕು ಅನ್ನುವುದು ಕನಸಿನಲ್ಲೂ ಬಂದಿರಲಿಲ್ಲ. ಕಿವಿ ಬಿಸಿಯಾಯಿತು. ‘ಹೇಳು, ಎಲ್ಲರಿಗೂ ಕೇಳೋ ಹಾಗೆ ಹೇಳು, ಚಪ್ಪಾಳೆ ಹೊಡೀಲಿ’ ಅಂತ ಹಲ್ಲು ಕಚ್ಚಿ ಕಾದ.

ಅರ್ವೆಡ್ ತಿರುಗಿ, “ಟಿಲ್ಲಿ, ನಿನಗೆ ಅವಸರ ಜಾಸ್ತಿ,” ಅಂದ. “ಇದು ಹುಟ್ಟಿ ಇನ್ನೂ ವಾರ ಆಗಿಲ್ಲ. ಈಗ ತೊದಲ್ತಾ ಇದೆ. ಒಣಗ್ತಾ ಒಣಗ್ತಾ ದನಿ ಏರುತ್ತೆ. ಅಜ್ಜ ಎಲೆಗಳನ್ನ ಬಿಗಿ ಮಾಡ್ತಾ ಇರ್ತಾರೆ. ಫೆಬ್ರವರಿಗೆ ಕೇಳು ಇದರ ಗಂಟಲು.”

“ಸುಳ್ಳು.”

“ಪಿಟೀಲಿನಾಣೆ. ಆದರೆ ಇದನ್ನ ಕಾರಲ್ಲಿ ಸಾಗಿಸೋ ಹಾಗಿಲ್ಲ. ಕೇಳೋರೇ ಇಲ್ಲಿಗೆ ಬರಬೇಕು.”

ಟಿಲ್ಲಿ ಮರವನ್ನು ನೋಡಿದಳು, ಒಬ್ಬ ಅಜ್ಜನನ್ನು ನೋಡಿದಳು, ಇನ್ನೊಬ್ಬನನ್ನು ನೋಡಿದಳು. “ಹಾಗಾದ್ರೆ ರಜೆಗೆ ಇಲ್ಲಿಗೇ ಬರ್ತೀನಿ. ನಿಮ್ಮೂರಿಗೆ ಆಮೇಲೆ ಯಾವಾಗಾದ್ರೂ.”

“ಆಮೇಲೆ ಯಾವಾಗಾದ್ರೂ,” ಅಂದ ಅರ್ವೆಡ್. ನಗುತ್ತಲೇ ಅಂದ. ಆದರೆ ಅವನ ಕೈ ಆ ಎಲೆಯ ಮೇಲೆಯೇ ಬಹಳ ಹೊತ್ತು ನಿಂತದ್ದನ್ನು ಎಗಾನ್ ನೋಡಿದ. ಹೆಂಡತಿ ಹೋದ ಮೇಲೆ ಕಣಿವೆಯಲ್ಲಿ ಬೀಗ ಹಾಕಿಟ್ಟ ಮನೆಯ ಬಾಗಿಲನ್ನು ಈ ಮನುಷ್ಯ ಮಗುವಿನ ಕೈಹಿಡಿದು ತೆಗೆಯಬೇಕೆಂದಿದ್ದ ಅನ್ನುವುದು ಆಗ ಹೊಳೆಯಿತು.

ಕಾರು ಹೊರಟ ಮೇಲೆ ಎಗಾನ್ ಸೋಫಾದ ಅಡಿ ತೆವಳಿ ಗೋಲಿ ಹುಡುಕುತ್ತಿದ್ದ.

“ಈಗಲಾದ್ರೂ ಹೊಟ್ಟೆ ತಣ್ಣಗಾಯ್ತಾ?” ಅಂದಳು ಟ್ರೌಡಲ್. “ಮಗು ಬರುತ್ತೆ.”

“ಬರೋ ಹಾಗೆ ಮಾಡಿದೋನು ಯಾರು? ಅವನೇ! ಅದನ್ನೂ ನನಗೆ ಬಿಡಲಿಲ್ಲ. ಎಷ್ಟು ಅಚ್ಚುಕಟ್ಟಾಗಿ ದೊಡ್ಡ ಮನುಷ್ಯ ಆಗಿಬಿಟ್ಟ ನೋಡು. ಒಂದು ಅಪಸ್ವರ ಇಲ್ಲ!”

ಸೋಫಾದ ಅಡಿಯಿಂದಲೇ ಗೋಲಿಯನ್ನು ಹೊರಗೆ ಉರುಳಿಸಿದ.

“ಫೋನ್ ಮಾಡಿ ಅವನನ್ನೂ ಫೆಬ್ರವರಿಗೆ ಕರಿ.”

“ನೀನೇ ಕರಿಯಪ್ಪ, ನಿನ್ನ ಬೀಗ.”

“ನೀನು ಕರೆದರೆ ‘ನೋಡೋಣ’ ಅಂತಾನೆ,” ಅಂದ ಎಗಾನ್. “ನಾನು ಕರೆದರೆ ಖಂಡಿತ ಬಂದುಬಿಡ್ತಾನೆ. ಅದೇ ನನ್ನ ಭಯ.”

ಟ್ರೌಡಲ್ ಫೋನನ್ನು ತಂದು ಅವನ ಕಾಲಿನ ಪಕ್ಕದಲ್ಲಿ ನೆಲದ ಮೇಲಿಟ್ಟು ಹೋದಳು.