ಬೀಬಿಜಾನಕ್ಕ ಸೈಕಲ್ ಕೊಂಡದ್ದು

ಬೀಬಿಜಾನಕ್ಕ ಯಾವ ವಸ್ತುವನ್ನೂ ಬರೀ ಕಣ್ಣಿನಿಂದ ನೋಡಿ ಕೊಂಡವಳಲ್ಲ. ರಜಾಯಿ ಬೇಕಾದರೆ ಅಂಗಡಿಯ ನೆಲದಲ್ಲೇ ಅದನ್ನು ಹಾಸಿ, ಪಾದದವರೆಗೆ ಇಳಿಬಿದ್ದ ತನ್ನ ಕಂದು ಕೋಟಿನ ಸಮೇತ ಮಲಗಿ, ಎರಡೂ ಮಗ್ಗುಲಿಗೆ ಹೊರಳಿದ ಮೇಲೆಯೇ ಬೆಲೆ ಕೇಳುವಳು. ಎದುರುಗಾಳಿಯನ್ನು ತಳ್ಳುತ್ತಿರುವಂತೆ ಮುಂದಕ್ಕೆ ಬಾಗಿದ ನಡಿಗೆ, ಮಾತುಮಾತಿಗೂ 'ನೋಡೇ ಬಿಡೋಣ' ಎಂಬ ಪಲ್ಲವಿ. ಉಜ್ಬೆಕಿಸ್ತಾನದ ಉರ್ಗೆಂಚಿನ ಹೆರಿಗೆ ವಾರ್ಡಿನಲ್ಲಿ ಸೂಲಗಿತ್ತಿಯಾಗಿದ್ದ ಅವಳ ಕೈಕೆಳಗೆ ದುಡಿದ ಹನ್ನೊಂದು ವರ್ಷವೂ ನಾನು ಇವೆರಡರ ಹಿಂದೆ ಓಡಿದವಳು.

ಆ ವಸಂತದಲ್ಲಿ ನಮ್ಮ ಹಳ್ಳಿಯಿಂದ ನಸುಕಿಗೆ ಹೊರಡುತ್ತಿದ್ದ ಏಕೈಕ ವ್ಯಾನು ನಿಂತುಹೋಯಿತು. ನನಗೋ ಪೇಟೆಯಲ್ಲಿ ತಂಗಿಯ ಮನೆಯಿತ್ತು. ಅಕ್ಕ ಮಾತ್ರ ಮೂರು ಸಲ ತಡವಾಗಿ ಬಂದಳು. ಇನ್ನೊಮ್ಮೆ ತಡವಾದರೆ ಹೆರಿಗೆ ಕೋಣೆ ಬಿಟ್ಟು ಬಟ್ಟೆಯ ಉಗ್ರಾಣ ನೋಡಿಕೊಳ್ಳಬೇಕಾದೀತೆಂದು ದೊಡ್ಡ ಡಾಕ್ಟರು ಎಚ್ಚರಿಸಿದರು. ಹಳ್ಳಿಯಿಂದ ಆಸ್ಪತ್ರೆಗೆ ಹದಿನಾಲ್ಕು ಕಿಲೋಮೀಟರ್ ಸಪಾಟು ದಾರಿ. ಐವತ್ತೆರಡರ ಅಕ್ಕ ಸೈಕಲ್ ಕೊಳ್ಳಲು ನಿಶ್ಚಯಿಸಿದಳು.

ಭಾನುವಾರದ ಸಂತೆಯಲ್ಲಿ ವ್ಯಾಪಾರಿ ಮದ್ರಹೀಮ್ ಇಪ್ಪತ್ತೊಂದು ಗೇರಿನ ಥಳಥಳಿಸುವ ಸೈಕಲ್ಲನ್ನು ಮುಂದೆ ತಂದು, ಇಲ್ಲೇ ಒಂದು ಸುತ್ತು ಹೊಡೆಯಿರಿ ಎಂದ.

"ಇಲ್ಲಿ ಸುತ್ತಿದ್ರೆ ಏನ್ ಗೊತ್ತಾಗುತ್ತೆ ತಮ್ಮ? ಕಾಲುವೆ ಸೇತುವೆಗೆ ಹೋಗಿ ಬಂದ್ರೆ ಸರಿಯಾಗಿ ಹದಿನಾಲ್ಕು. ಅಲ್ಲೀವರೆಗೂ ಇವಳನ್ನ ಒತ್ತೆ ಇಟ್ಕೊ," ಎಂದು ನನ್ನನ್ನು ತೋರಿಸಿ ಹೊರಟೇಹೋದಳು.

ನಾನು ಸ್ಟೂಲಿನ ಮೇಲೆ ಒತ್ತೆಯಾಗಿ ಕುಳಿತೆ. ಗಂಟೆ ಕಳೆಯಿತು. ಮದ್ರಹೀಮ್ ಹಸಿರು ಚಹಾ ಬಗ್ಗಿಸುತ್ತ, "ನಿಮ್ಮಕ್ಕ ಇಷ್ಟೊತ್ತಿಗೆ ತುರ್ಕ್‌ಮೆನ್ ಗಡಿ ದಾಟಿರ್ತಾಳೆ ಕಣಮ್ಮ. ನೀನು ಇಲ್ಲೇ ಕಸ ಗುಡಿಸ್ಕೊಂಡಿರು," ಎಂದ.

ಅಕ್ಕ ಬಂದಳು. ಇಳಿದವಳೇ ಕೋಟಿನ ಜೇಬಿನಿಂದ ಸೂಜಿದಾರ ತೆಗೆದು ಪೋಣಿಸಲು ನೋಡಿದಳು. ಮೂರು ಸಲ ತಪ್ಪಿತು. ಬಾಗಿ ಹಿಡಿಯಬೇಕಾದ ಹ್ಯಾಂಡಲ್ಲು ಅಂಗೈಗಳಿಗೆ ಜೋಮು ಹಿಡಿಸಿತ್ತು.

"ಆಸ್ಪತ್ರೆಗೆ ಬೇಗ ಬಂದು ಏನ್ ಮಾಡ್ಲಿ? ಕೂಸು ಹಿಡಿಯೋ ಕೈ ಇದು, ನಡುಗಬಾರ್ದು," ಎಂದಳು.

ಮುಂದಿನ ಭಾನುವಾರದ ಸೈಕಲ್ಲು ಕೋಟಿನ ಅಂಚನ್ನು ಚೈನಿಗೆ ಸಿಕ್ಕಿಸಿಕೊಂಡು ಅವಳನ್ನು ಹತ್ತಿಯ ಹೊಲಕ್ಕೆ ಉರುಳಿಸಿತು. ಮೂರನೆಯ ಭಾನುವಾರ, ಮರುಭೂಮಿಯ ಗಾಳಿ ಸಂತೆಯ ಗುಡಾರಗಳನ್ನೇ ಎಳೆದಾಡುತ್ತಿದ್ದಾಗ, ಮದ್ರಹೀಮ್ ಹಿಂಬದಿಯಿಂದ ತನ್ನ ತಾಯಿಯ ಹಳೆಯ ಹಸಿರು ಸೈಕಲ್ಲನ್ನು ತಾನಾಗಿಯೇ ಉರುಳಿಸಿ ತಂದ. ಭಾರವಾದ ಗಾಡಿ, ಚೈನಿಗೆ ತಗಡಿನ ಮುಚ್ಚಳ, ಸವಾರಳ ಕಡೆಗೆ ಬಾಗಿಬಂದ ಹ್ಯಾಂಡಲ್, ಬೆನ್ನು ನೆಟ್ಟಗಿಟ್ಟು ಕೂರುವ ಅಗಲ ಸೀಟು. ಅಕ್ಕನ ಕಣ್ಣುಗಳು ಹೊಳೆದವು. ಅವಳು ಹೋದ ಮೇಲೆ ಅವನು ಚಹಾ ಮರೆತು, ನನಗಿಂತ ಹೆಚ್ಚಾಗಿ ದಾರಿ ಕಾದ.

ಧೂಳಿನ ನಡುವಿನಿಂದ ಕೆನ್ನೆ ಕೆಂಪಾಗಿಸಿಕೊಂಡು, ಗಂಟೆ ಬಾರಿಸುತ್ತ ಬಂದಳು. ಸುತ್ತ ಜನ ನೆರೆದಿದ್ದರು. ದಾರದ ತುದಿಯನ್ನು ತುಟಿಗೆ ಒತ್ತಿ ಒಮ್ಮೆಗೇ ಪೋಣಿಸಿದಳು.

"ಇದೇ!" ಎಂದು ಕೂಗಿದವನು ಮದ್ರಹೀಮ್.

ಮರುದಿನ ಅವಳು ಇಪ್ಪತ್ತು ನಿಮಿಷ ಮೊದಲೇ ಬಂದಳು. ಏಳು ಹೊಡೆಯುವುದರೊಳಗೆ, ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಸುತ್ತಿಕೊಂಡು ಇಳಿದ ಹೆಣ್ಣುಕೂಸನ್ನು ಆ ಬೆರಳುಗಳು ಬಿಡಿಸಿ ಅಳುವಂತೆ ಮಾಡಿದವು. ನಾನು ಪಕ್ಕದಲ್ಲೇ ಟವೆಲ್ ಹಿಡಿದು ನಿಂತಿದ್ದೆ.

ಇಂಥವರನ್ನು ಲೋಕ ಪೀಡೆಯೆನ್ನುತ್ತದೆ, ವ್ಯಾಪಾರಿಗಳು ಕಂಡೊಡನೆ ಬಾಗಿಲೆಳೆಯುತ್ತಾರೆ. ಆದರೆ ನಮ್ಮಲ್ಲಿ ಹಲವರ ಮೊದಲ ಉಸಿರು ಇಂಥದೊಂದು ಪೀಡೆಯ ಕೈಯಿಂದಲೇ ದೊರಕಿದ್ದು. ಆಗ ಕಣ್ಣು ತೆರೆದಿರಲಿಲ್ಲವಾದ್ದರಿಂದ ನಮಗದು ಗೊತ್ತಿಲ್ಲ, ಅಷ್ಟೆ.