ಅಣ್ಣ ಕೊಟ್ಟ ಪುಡಿ

ಬೈಯಪ್ಪನಹಳ್ಳಿ ರೈಲ್ವೆ ಗೇಟಿನಾಚೆಯ ಆ ವಠಾರದಲ್ಲಿ ಬೆಳಗಾಗುತ್ತಿದ್ದದ್ದು ಜಟ್ಟೆಮ್ಮನ ರೊಟ್ಟಿ ಸದ್ದಿಗೆ. ಜೋಳದ ಹಿಟ್ಟಿನ ಮುದ್ದೆಯ ಮೇಲೆ ಅವಳ ಅಂಗೈ ಬೀಳುವ ಪಟಪಟ ಸದ್ದು ಕೇಳಿತೆಂದರೆ ಕಲಬುರ್ಗಿ ಕಡೆಯಿಂದ ದುಡಿಯಲು ಬಂದ ಹುಡುಗರೆಲ್ಲ ಚಾಪೆ ಸುತ್ತಿ ಏಳುತ್ತಿದ್ದರು. ಗಂಡ ಚಂದ್ರಾಮಪ್ಪ ಕಲ್ಯಾಣ ನಗರದ ಹೊಸ ಮನೆಗಳಿಗೆ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಇವಳು ಒಂದೇ ಕೋಣೆಯ ಮನೆಯಲ್ಲಿ ರೊಟ್ಟಿ ಬಡಿದು ಆ ಹುಡುಗರಿಗೆ ಕೊಡುತ್ತಿದ್ದಳು. ಅವಳ ರೊಟ್ಟಿ ಹಂಚಿನಷ್ಟೇ ಅಗಲ, ಎಲೆಯಷ್ಟೇ ತೆಳುವು.

ಚಿಕೂನ್‌ಗುನ್ಯಾ ಊರೂರು ತಿರುಗಿದ ವರ್ಷದ ದಸರೆಯ ಹೊತ್ತಿಗೆ ಆ ಸದ್ದು ನಿಧಾನವಾಯಿತು. ರೊಟ್ಟಿ ದಪ್ಪವಾಯಿತು, ಚಿಕ್ಕದಾಯಿತು. ಕೆ.ಆರ್. ಪುರಂ ಕಡೆ ವೆಲ್ಡಿಂಗ್ ಕೆಲಸಕ್ಕೆ ಹೋಗುವ ಬಸು ಒಂದು ದಿನ ರೊಟ್ಟಿ ಎತ್ತಿ ಹಿಡಿದು ನೋಡಿ, "ಅಕ್ಕಾ, ಹುಣ್ಣಿಮಿ ಮುಗೀತೇನ? ದಿನಾ ಒಂದಿಷ್ಟು ಸಣ್ಣ ಆಗಾಕತ್ತಾವಲ್ಲ" ಅಂದ. ಎಲ್ಲರೂ ನಕ್ಕರು. ಜಟ್ಟೆಮ್ಮನೂ ನಕ್ಕಳು. ಅವರೆಲ್ಲ ಹೋದ ಮೇಲೆ ಮಣೆಯ ಮುಂದಿನಿಂದ ಏಳಲು ನೋಡಿದರೆ ತೊಡೆಗಳು ಏಳಲಿಲ್ಲ. ನೋವೇನೂ ಇರಲಿಲ್ಲ. ತೊಡೆಗಳು ತನ್ನ ಮಾತು ಕೇಳುತ್ತಿಲ್ಲ, ಅಷ್ಟೆ. ಗೋಡೆ ಹಿಡಿದು, ಮಂಡಿಯ ಮೇಲೆ ಕೈಯೂರಿ, ಮೈಯನ್ನು ಮೇಲಕ್ಕೆ ಹತ್ತಿಸಿಕೊಂಡಳು. ತಲೆ ಬಾಚಲು ತೋಳೆತ್ತಿದರೆ ತೋಳು ನಡುದಾರಿಯಲ್ಲೇ ಬಿದ್ದುಹೋಯಿತು.

ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಅವಳಿಗೂ ಆ ಜ್ವರ ಬಂದಿತ್ತು. ಜ್ವರ ಇಳಿದಿತ್ತು, ಕೀಲುನೋವು ಉಳಿದಿತ್ತು. ಇದೂ ಅದರದೇ ಬಾಲ ಇರಬೇಕು ಎಂದು ದೀಪಾವಳಿಯವರೆಗೆ ತಳ್ಳಿದರು. ಆಮೇಲೆ ಅನ್ನದ ತುತ್ತು ಗಂಟಲಲ್ಲಿ ನಿಲ್ಲತೊಡಗಿದಾಗ ಚಂದ್ರಾಮಪ್ಪ ಅವಳನ್ನು ಶಿವಾಜಿನಗರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿದ್ದ ಡಾಕ್ಟರ್ ವೇದಾ ಅವಳ ತೋಳು ತೊಡೆ ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಸ್ನಾಯುವಿನ ಚೂರೊಂದನ್ನು ತೆಗೆಸಿ ನೋಡಿದರು. ಸ್ನಾಯುಗಳಿಗೆ ಉರಿ ಹತ್ತಿದೆ ಎಂದರು. ಮೈ ಕಾಯಬೇಕಾದ ಕಾವಲುಗಾರನೇ ಮನೆಯವರನ್ನು ಕಳ್ಳರೆಂದು ತಿಳಿದು ಹೊಡೆಯುತ್ತಿದ್ದಾನೆ, ಅವನ ಕೈ ಹಿಡಿಯಲು ಗುಳಿಗೆ ಇದೆ, ಬಹಳ ದಿನ ನುಂಗಬೇಕು, ತಾನು ಹೇಳದೆ ನಿಲ್ಲಿಸಬಾರದು ಎಂದರು. ಇದೆಲ್ಲ ಆ ಜ್ವರದಿಂದಲೇ ಬಂತೇ ಎಂದು ಚಂದ್ರಾಮಪ್ಪ ಕೇಳಿದ.

"ಜ್ವರ ಕಡ್ಡಿ ಗೀರಿರ್ಬಹುದು. ಗೀರದೇನೂ ಇರ್ಬಹುದು. ಅದು ಬಂದೋರಿಗೆಲ್ಲ ಹಿಂಗಾಗಲ್ಲ. ನಿಮಗೇ ಯಾಕಾಯ್ತು ಅಂತ ನಮಗೂ ಗೊತ್ತಿಲ್ಲಮ್ಮ. ಆದ್ರೆ ಈಗ ಹತ್ತಿರೋ ಬೆಂಕಿ ಆರಿಸೋದು ಹೇಗೆ ಅಂತ ಗೊತ್ತು" ಎಂದರು ಡಾಕ್ಟರು, ಜಟ್ಟೆಮ್ಮನ ಕಡೆ ತಿರುಗಿ. ಹೊರಗೆ ಸಾಲು ಬಾಗಿಲು ದಾಟಿ ನಿಂತಿತ್ತು. ಇನ್ನೂ ಹೇಳಬೇಕಾದದ್ದು ಅವರ ಬಾಯಲ್ಲೇ ಉಳಿಯಿತು.

ಗುಳಿಗೆ ನುಂಗಿದ ಮೇಲೆ ತೋಳಿಗೆ ಜೀವ ಬಂತು. ಜೊತೆಗೆ ಮುಖವೂ ಊದಿತು. ಕನ್ನಡಿಯಲ್ಲಿ ಯಾರದೋ ಹೆಂಗಸು ಕೂತ ಹಾಗೆ. ಜಟ್ಟೆಮ್ಮ ಹೆದರಿದಳು. ಹೆದರಿದಾಗ ಅವಳು ಹೋಗುತ್ತಿದ್ದದ್ದು ಒಬ್ಬನ ಹತ್ತಿರ ಮಾತ್ರ.

ಭಗವಂತರಾಯ ಅವಳ ಊರ ಪಕ್ಕದ ಊರಿನವನು. ಬೆಂಗಳೂರಿಗೆ ಇವರನ್ನು ಕರೆತಂದವನು, ಈ ಕೋಣೆ ಕೊಡಿಸಿದವನು, ಚಂದ್ರಾಮಪ್ಪನನ್ನು ಮೇಸ್ತ್ರಿಗೆ ಪರಿಚಯಿಸಿದವನು ಅವನೇ. ಮೊದಲು ಔಷಧಿ ಅಂಗಡಿಯೊಂದರಲ್ಲಿ ಡಬ್ಬಿ ಇಳಿಸುತ್ತಿದ್ದ. ಈಗ ಶಿವಾಜಿನಗರದ ಮಾರ್ಕೆಟ್ ಹಿಂದೆ ಬೇರು, ಚೆಕ್ಕೆ, ಒಣ ಸೊಪ್ಪಿನ ಸಣ್ಣ ಅಂಗಡಿ ಇಟ್ಟಿದ್ದ. ಒಡಹುಟ್ಟಿದವರಿಲ್ಲದ ಜಟ್ಟೆಮ್ಮನಿಗೆ ಪ್ರತಿ ನಾಗರಪಂಚಮಿಗೂ ಅಣ್ಣನ ಸ್ಥಾನದಲ್ಲಿ ನಿಂತು ಕುಬಸದ, ಅಂದರೆ ರವಿಕೆಯ, ಬಟ್ಟೆ ತಂದುಕೊಡುತ್ತಿದ್ದ. ಆ ಕಡೆಯ ಹೆಣ್ಣುಮಕ್ಕಳಿಗೆ ಪಂಚಮಿಯ ಕುಬಸವೆಂದರೆ ತವರು ಇನ್ನೂ ಇದೆ ಎಂಬುದಕ್ಕೆ ಸಾಕ್ಷಿ. ಅದನ್ನು ತಂದವನ ಮಾತನ್ನು ಯಾರು ತೂಗಿ ನೋಡುತ್ತಾರೆ?

ಅವನು ಅವಳ ಮುಖ ನೋಡಿ ನಾಲಗೆ ಲೊಚಗುಟ್ಟಿದ. "ಮಾರಿ ನೋಡ್ಕೊಂಡಿಯೇನವ್ವ? ವಿಷ ಏರ್ಯಾದ. ಡಾಕ್ಟರು ಏನಂದ್ರು?"

ಯಾಕೆ ಬಂತು ಎಂದು ಗೊತ್ತಿಲ್ಲ ಅಂದರೆಂದು ಅವಳು ಹೇಳಿದಳು.

"ಗೊತ್ತಿಲ್ಲ ಅನ್ನೋರ ಕೈಯಾಗ ಜೀವ ಕೊಡ್ತಾರೇನು ತಂಗೀ? ನನಗ ಗೊತ್ತದ ಕೇಳು. ಆ ಜ್ವರದ ನಂಜು ಮಾಂಸದಾಗ ಕುಂತದ. ನನ್ನ ಪುಡಿ ಅದನ್ನ ಜಗ್ಗಿ ಹೊರಗ ಹಾಕ್ತದ. ಆ ಗುಳಿಗಿ ಒಗಿ."

ಗೊತ್ತಿಲ್ಲ ಎಂದವರು ಕಲಿತವರು. ಗೊತ್ತು ಎಂದವನು ಅಣ್ಣ. ಜಟ್ಟೆಮ್ಮ ಗುಳಿಗೆಯನ್ನು ಮೋರಿಗೆ ಹಾಕಿ, ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ನೆಕ್ಕಿದಳು. ಶುಂಠಿಯ ಖಾರದ ಹಿಂದೆ ನಾಲಗೆಯ ಬುಡ ಹಿಡಿಯುವಂಥ ಕಹಿ. ಅಮೃತಬಳ್ಳಿ ಎಂದ ಭಗವಂತರಾಯ.

ಪುಡಿ ಕೆಲಸ ಮಾಡಿತು. ಸಂಕ್ರಾಂತಿ ಕಳೆಯುವ ಹೊತ್ತಿಗೆ ರೊಟ್ಟಿ ಮತ್ತೆ ಹಂಚು ತುಂಬಿತು. ಮುಖ ಊದಿದ್ದು ಇಳಿಯಲೇ ಇಲ್ಲ. ಈ ಸಲ ಅದನ್ನು ಅವನು ರಕ್ತ ಕೂಡಿದೆ, ಮೈ ತುಂಬಿಕೊಂಡಿದೆ ಎಂದ. ಜಟ್ಟೆಮ್ಮನೇ ಬಾಯ್ತುಂಬ ಹೊಗಳಿ ಹೊಗಳಿ ಹೆಸರು ತಂದುಕೊಟ್ಟಳು. ಭಾನುವಾರ ವಠಾರದ ಹೊಂಗೆಮರದ ಕೆಳಗೆ ಅವನು ಚೀಲ ಬಿಚ್ಚಿ ಕೂತರೆ ಜ್ವರದಲ್ಲಿ ಕೀಲು ಹಿಡಿದವರೆಲ್ಲ ಸಾಲಾಗಿ ಬರುತ್ತಿದ್ದರು. ಪಕ್ಕದ ಕೋಣೆಯ ಜಯಮಾಲಾ ಮಂಡಿನೋವಿಗೆ ಆಗಾಗ ಒಂದು ಪೊಟ್ಟಣ ಒಯ್ಯುತ್ತಿದ್ದಳು. ಅವನು ಯಾರ ಹತ್ತಿರವೂ ಕೈ ಚಾಚುತ್ತಿರಲಿಲ್ಲ, ಕೊಟ್ಟಷ್ಟು ತೆಗೆದುಕೊಳ್ಳುತ್ತಿದ್ದ. ಅವನಿಗೆ ಬೇಕಾದದ್ದು ಬೇರೆ. ಡಬ್ಬಿ ಇಳಿಸುತ್ತಿದ್ದವನನ್ನು ಈಗ ಜನ 'ವೈದ್ಯರು' ಎಂದು ಕರೆಯುತ್ತಿದ್ದರು.

ಜ್ಯೇಷ್ಠದಲ್ಲಿ ಮಗಳ ಮದುವೆಗೆಂದು ಅವನು ಊರಿಗೆ ಹೊರಟ. ತನ್ನ ಹತ್ತಿರದ ಪುಡಿ ಮುಗಿಯುತ್ತ ಬಂದಿದೆ ಎಂದು ಜಟ್ಟೆಮ್ಮ ನೆನಪಿಸಿದಳು. ಅವನು ಒಂದು ಗಳಿಗೆ ನೆಲ ನೋಡಿ, ಈಗ ಆರಾಮ ಇದೀಯಲ್ಲ, ಬಂದ ಮೇಲೆ ನೋಡೋಣ ಎಂದು ಹೊರಟುಹೋದ. ಆ ಗಳಿಗೆ ಅವಳಿಗೆ ನೆನಪಾದದ್ದು ಬಹಳ ತಡವಾಗಿ.

ಪುಡಿ ಮುಗಿಯಿತು. ಕೆಲವೇ ದಿನಗಳಲ್ಲಿ ವಾಂತಿ ಹಿಡಿಯಿತು, ಕಣ್ಣು ಕತ್ತಲಿಟ್ಟಿತು. ತೋಳು, ತೊಡೆ, ಕೊನೆಗೆ ಕುತ್ತಿಗೆಯೂ ನಿಲ್ಲದಾಯಿತು. ಕುಡಿದ ನೀರು ಮೂಗಿನಲ್ಲಿ ಬಂತು. ಚಂದ್ರಾಮಪ್ಪ ಮತ್ತು ಬಸು ಅವಳನ್ನು ಚಾದರದಲ್ಲಿ ಎತ್ತಿ ಆಟೋಗೆ ಹಾಕಿದರು. ಆಸ್ಪತ್ರೆಯಲ್ಲಿ ಡಾಕ್ಟರ್ ವೇದಾ ಅವಳ ಊದಿದ ಮುಖವನ್ನೇ ನೋಡುತ್ತ, ಗುಳಿಗೆ ಬಿಟ್ಟು ಅರ್ಧ ವರ್ಷವಾದರೂ ಮುಖ ಹೀಗೇಕಿದೆ, ಬೇರೆ ಏನು ತಗೊಳ್ತಿದ್ರಿ ಎಂದು ಕೇಳಿದರು. ಏನೂ ಇಲ್ಲ ಎಂದಳು ಜಟ್ಟೆಮ್ಮ. ಅಷ್ಟು ಉಸಿರಿಲ್ಲದಾಗಲೂ ಅಣ್ಣನ ಹೆಸರು ಕೆಡಬಾರದು ಎಂಬುದು ನೆನಪಿತ್ತು.

ಮೊದಲ ದಿನಗಳು ಸೂಜಿಯಲ್ಲೇ ಕಳೆದವು. ಆಮೇಲೆ ನೀರು ಗಂಟಲಲ್ಲಿ ಇಳಿಯತೊಡಗಿದಾಗ ಗುಳಿಗೆ ಶುರು ಮಾಡಿದರು. ಇಡೀ ಗುಳಿಗೆ ನುಂಗಲು ಆಗದೆಂದು ನರ್ಸಮ್ಮ ಅದನ್ನು ಎರಡು ಚಮಚಗಳ ನಡುವೆ ಒತ್ತಿ ಪುಡಿಮಾಡಿ, ನೀರಿನಲ್ಲಿ ಕದಡಿ ಬಾಯಿಗೆ ಹಾಕಿದರು.

ನಾಲಗೆಯ ಬುಡ ಹಿಡಿಯಿತು.

ಮೊದಲ ಸಲ ಗುಳಿಗೆಯನ್ನು ಅವಳು ನೀರಿನ ಜೊತೆ ಗುಟುಕರಿಸಿದ್ದಳು, ರುಚಿ ಕಂಡಿರಲಿಲ್ಲ. ಈಗ ಕಂಡಳು. ಜೇನಿಲ್ಲ, ಶುಂಠಿಯಿಲ್ಲ, ಆದರೆ ಕಹಿ ಅದೇ. ಸಂಕ್ರಾಂತಿಗೂ ಮೊದಲಿನಿಂದ ದಿನಾ ಬೆಳಿಗ್ಗೆ ನೆಕ್ಕಿದ ಕಹಿ. ನೆಚ್ಚಿದ ಎಮ್ಮೆ ಕೋಣ ಈಯಿತು ಎಂದು ಅವಳ ಅವ್ವ ಹೇಳುತ್ತಿದ್ದಳು. ಜಟ್ಟೆಮ್ಮ ಗೋಡೆ ಕಡೆ ತಿರುಗಲು ನೋಡಿದಳು. ತಿರುಗಲು ಕೂಡ ಕುತ್ತಿಗೆ ಬೇಕು. ಕಣ್ಣೀರು ಕಿವಿಯೊಳಗೆ ಇಳಿಯಿತು.

ಡಾಕ್ಟರು ಬಂದಾಗ ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ. ಬೇರು ಸೊಪ್ಪಿಗೆ ಮುಖ ಹೀಗೆ ಊದುವುದಿಲ್ಲ, ತನಗೂ ಆ ಅನುಮಾನವಿತ್ತು ಎಂದರು. ಈ ಔಷಧಿ ಬಹಳ ದಿನ ತಿಂದ ಮೈ ಅದನ್ನೇ ನಂಬಿಕೊಂಡಿರುತ್ತದೆ, ಮೆಲ್ಲಗೆ ಇಳಿಸಬೇಕು, ಒಮ್ಮೆಗೇ ಕಿತ್ತುಕೊಂಡರೆ ಮೈ ಕುಸಿಯುತ್ತದೆ ಎಂದು ಕೂತು ವಿವರಿಸಿದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಮುಖ ಊದ್ಕೊಳ್ಳತ್ತೆ, ಹೆದರ್ಬೇಡಿ ಅಂತ ನಾನು ಅವತ್ತೇ ಹೇಳ್ಬೇಕಿತ್ತು" ಅಂದರು.

ಚಂದ್ರಾಮಪ್ಪ ಕೇಳಿದವನೇ ಭಗವಂತರಾಯನ ಕೈಕಾಲು ಮುರಿಯುತ್ತೇನೆಂದು ಹೊರಟ. ಜಟ್ಟೆಮ್ಮ ತಡೆದಳು. ಕೇಳುವುದಿದ್ದರೆ ತಾನೇ ಕೇಳಬೇಕು, ಅಲ್ಲಿಯವರೆಗೆ ವಠಾರದಲ್ಲಿ ಬಾಯಿ ಬಿಡಬೇಡ ಎಂದಳು. ಒಳಗೊಳಗೆ ಅವಳಿಗೆ ಇನ್ನೂ ಒಂದು ಆಸೆ ಇತ್ತು, ಅವನೇ ಬಂದಾನು ಎಂದು. ಆಷಾಢವಿಡೀ ಅವಳು ಆ ಹಾಸಿಗೆಯಲ್ಲಿದ್ದಳು. ಊರಿಂದ ಮರಳಿದ ಭಗವಂತರಾಯನ ಅಂಗಡಿ ಅಲ್ಲಿಂದ ಬೀಡಿ ಸೇದಿ ಮುಗಿಸುವಷ್ಟು ದಾರಿ. ಅವನು ಬರಲಿಲ್ಲ.

ಪಂಚಮಿಗೆ ಮೊದಲು ಅವಳನ್ನು ಮನೆಗೆ ಕಳಿಸಿದರು. ಆ ಸಲ ಪಂಚಮಿ ಭಾನುವಾರ ಬಂತು. ಅವನೂ ಬಂದ. ಕಂಕುಳಲ್ಲಿ ಪುಡಿಯ ಚೀಲ, ಕೈಯಲ್ಲಿ ಹಸಿರು ಕುಬಸದ ಬಟ್ಟೆ. ಹೊಂಗೆಮರದ ಕೆಳಗೆ ಜಯಮಾಲಾ ಕೂತಿದ್ದಳು. ಅವಳ ಪಕ್ಕದಲ್ಲಿ ಆಷಾಢದಲ್ಲಷ್ಟೇ ದಿನಾ ಪುಡಿ ನೆಕ್ಕಲು ಶುರು ಮಾಡಿದ ಮುದುಕ ಅಮರಪ್ಪ. ಭಗವಂತರಾಯ ಅವರಿಗೆ ಕೈಯೆತ್ತಿ, ಮೊದಲು ತಂಗಿಯ ಹೊಸ್ತಿಲಿಗೆ ಬಂದ. ಮಾತಾಡಲು ನಿನಗೇ ಬಿಟ್ಟಿದ್ದೇನೆ ಎಂಬಂತೆ ಚಂದ್ರಾಮಪ್ಪ ಎದ್ದು ಹೊರಗೆ ಹೋದ.

"ಅಣ್ಣ," ಜಟ್ಟೆಮ್ಮ ಗೋಡೆಗೊರಗಿ ಕೂತಲ್ಲಿಂದಲೇ ಕೇಳಿದಳು, "ನೀ ಒಗಿ ಅಂದ ಗುಳಿಗಿನೇ ಅರದು ನನಗ ಕೊಟ್ಟೀದಿ ಅಲ್ಲ?"

ಅವನು ಅಮೃತಬಳ್ಳಿ ಎಂದು ಶುರು ಮಾಡಿದ. ಅವಳು ನೋಡುತ್ತಲೇ ಇದ್ದಳು. ಅವನು ಕೂತುಕೊಂಡ.

"ಖರೇ ಅಂತ ತಿಳಕೊ. ಗುಳಿಗಿ ಅಂದ್ರ ನೀವ್ಯಾರು ತಿಂತೀರಿ? ಮುಖ ಊದಿತು ಅಂತ ನೀನೇ ಅತ್ತೀದಿ. ಪುಡಿ ಅಂದ್ರ ನಂಬಿ ತಿಂದಿ. ಆರಾಮ ಆಗ್ಲಿಲ್ಲೇನು? ಸುಳ್ಳು ಹೇಳಬ್ಯಾಡ."

"ಆಗಿತ್ತು."

"ಮತ್ತ?"

"ಊರಿಗೆ ಹೋಗೋವಾಗ ಇದನ್ನ ಒಮ್ಮಿಗೇ ಬಿಡಬ್ಯಾಡ ಅಂತ ಒಂದು ಮಾತು ಹೇಳಬೇಕಿತ್ತಲ್ಲಣ್ಣ."

ಭಗವಂತರಾಯ ಕುಬಸದ ಬಟ್ಟೆಯ ಮಡಿಕೆ ಬಿಚ್ಚಿದ, ಮತ್ತೆ ಮಡಿಸಿದ. "ಹೇಳಿದ್ರ ಯಾಕಂತ ಕೇಳತಿದ್ದಿ," ಅಂದ. "ಏನಂತ ಹೇಳ್ಲಿ?"

ಅದಕ್ಕಿಂತ ನಿಜವಾದ ಮಾತನ್ನು ಅವನು ಆಡಿರಲಿಲ್ಲ. ತಂಗಿ ಸತ್ತರೂ ಸರಿ, ವೈದ್ಯ ಉಳಿಯಬೇಕಿತ್ತು. ಇಬ್ಬರಿಗೂ ಅದು ಕೇಳಿಸಿತು.

"ನನಗ ಕೈ ಮುಗೀಬ್ಯಾಡ, ತಪ್ಪಾತು ಅನಬ್ಯಾಡ," ಜಟ್ಟೆಮ್ಮ ಅಂದಳು. "ಹೊರಗ ಅಮರಪ್ಪಜ್ಜ ಕುಂತಾನ. ನನಗ ಹೇಳಲಾರದ ಮಾತು ಅವರಿಗೆ ಹೇಳು. ನಿನಗಾಗದಿದ್ರ ನಾ ಹೇಳ್ತೀನಿ."

ಅವನು ಏಳಲಿಲ್ಲ. ಅವಳೇ ಗೋಡೆ ಹಿಡಿದಳು, ಮಂಡಿಯ ಮೇಲೆ ಕೈಯೂರಿದಳು. ಅರ್ಧ ಎದ್ದು ತೂರಾಡಿದಾಗ ಅವನ ಕೈ ತಾನಾಗಿ ಮುಂದೆ ಬಂತು. ಅವಳು ಹಿಡಿಯಲಿಲ್ಲ. ಗೋಡೆಯನ್ನೇ ಸವರುತ್ತ ಬಾಗಿಲಿಗೆ ಬಂದು, ಉಸಿರು ತೆಗೆದುಕೊಂಡು, ಅಜ್ಜಾ ಎಂದು ಕರೆದಳು.

ಅಷ್ಟರಲ್ಲಿ ಭಗವಂತರಾಯ ಕುಬಸದ ಬಟ್ಟೆಯನ್ನು ಅಲ್ಲೇ ಬಿಟ್ಟು, ಅವಳ ಪಕ್ಕದಿಂದ ಹಾದು ಹೊರಗೆ ಬಂದ. ಮರದ ಕೆಳಗೆ ಹೋಗಿ ಚೀಲದ ತಳದಿಂದ ಬಿಳಿ ಗುಳಿಗೆಯ ಡಬ್ಬಿ ತೆಗೆದು ಎಲ್ಲರ ನಡುವೆ ಇಟ್ಟ. ಯಾರ ಮುಖವನ್ನೂ ನೋಡದೆ, ಪುಡಿಯಲ್ಲಿರುವುದು ಇದು, ಬೇರಲ್ಲ ಎಂದ. ಜಯಮಾಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಅಮರಪ್ಪ ಕೈಯಲ್ಲಿದ್ದ ಪೊಟ್ಟಣವನ್ನು ಎಸೆಯಲು ಎತ್ತಿದ.

"ಒಮ್ಮಿಗೇ ಬಿಡಬ್ಯಾಡ್ರಿ," ಭಗವಂತರಾಯ ಆ ಕೈ ಹಿಡಿದ. "ಡಾಕ್ಟರಿಗೆ ತೋರ್ಸಿ ಬಿಡ್ರಿ. ಇಲ್ಲಾಂದ್ರ ನಮ್ಮ ತಂಗಿಗಿ ಆದಂಗ ಆಗ್ತದ."

ಮರುದಿನ ಜಟ್ಟೆಮ್ಮ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಶಿವಾಜಿನಗರದ ಬಸ್ಸಿಗೆ ನಿಂತಳು. ಜೊತೆಗೆ ಅಮರಪ್ಪ, ಜಯಮಾಲಾ, ಇನ್ನೂ ಇಬ್ಬರು. ಬಸ್ಸಿನ ಮೆಟ್ಟಿಲು ಅವಳಿಗೆ ಎತ್ತರವಾಯಿತು. ಹಿಂದಿನಿಂದ ಜಯಮಾಲಾ ತಳ್ಳಿದಳು.

ದೀಪಾವಳಿಯ ಹೊತ್ತಿಗೆ ವಠಾರದಲ್ಲಿ ಮತ್ತೆ ರೊಟ್ಟಿ ಸದ್ದು ಕೇಳಿತು. ಮೊದಲಿನ ಬಿರುಸಿಲ್ಲ. ನಾಲ್ಕು ಬಡಿದು ತೋಳಿಗೆ ಬಿಡುವು ಕೊಟ್ಟು ಮತ್ತೆ ಬಡಿಯುತ್ತಿದ್ದಳು. ರೊಟ್ಟಿ ಬುಟ್ಟಿಯ ಮೇಲೆ ಹೊಸ ಹಸಿರು ಬಟ್ಟೆ ಮುಚ್ಚಿತ್ತು. ಬಸು ಅದರ ಅಂಚು ಎತ್ತಿ ನೋಡಿ, ಇಂಥ ಚಲೋ ಕುಬಸದ ಬಟ್ಟೆಯನ್ನು ರೊಟ್ಟಿಗೆ ಹೊದಿಸಿದ್ದೇಕೆ ಎಂದು ಕೇಳಿದ.

ಜಟ್ಟೆಮ್ಮ ಹಂಚಿನ ಮೇಲಿದ್ದದ್ದನ್ನು ತಿರುವಿ ಹಾಕಿದಳು.

"ಹೊಲಸಿ ತೊಟ್ಕೊಳ್ಳಾಕ ಮನಸು ಬರ್ಲಿಲ್ಲಪ್ಪ," ಅಂದಳು. "ಮೋರಿಗಿ ಒಗದು ಬಿಡಾಕೂ ಬರ್ಲಿಲ್ಲ."